ಭೂಗೋಳಕ್ಕೆ ಸೇರಿದ ಐವಿ ಬಾಯಿ

ಊರಿನ ಎರಡು ಹೊಳೆಗಳ ಹೆಸರಿಟ್ಟುಕೊಂಡಿದ್ದ ಕುವೈತಿನ ಸೀತಾ-ಸ್ವರ್ಣಾ ಬಳಗದವರು ತಮ್ಮ ಉಡುಪಿ ಜಿಲ್ಲೆಯ ಇತಿಹಾಸ, ಭೂಗೋಳ ಮತ್ತು ಜನರ ಬಗ್ಗೆ ಒಂದು ಗ್ರಂಥ ತರುವುದೆಂದು ನಿಶ್ಚಯಿಸಿದಾಗ, ಸಂಪಾದಕರ ಸ್ಥಾನಕ್ಕೆ ಫ್ರೆಡ್ರಿಕ್ ಡಿಸಿಲ್ವರ ಹೆಸರಲ್ಲದೆ ಬೇರೆ ಹೆಸರು ಬರಲಿಲ್ಲ. ಬಳಗದಲ್ಲಿ ಕನ್ನಡದ ಅಭಿಮಾನಿಗಳು ಬೇಕಾದಷ್ಟಿದ್ದರು. ಕನ್ನಡ ಬರೆಯುವವರು ಇವರೊಬ್ಬರೇ. ಮಿರ್ಕಾಬಿನ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದ ಅವರು ಈಗ ರುಮೈಥಿಯಾದಲ್ಲಿ ಮಗ ಡ್ಯಾನಿಯಲ್‌ನ ಮನೆಯಲ್ಲಿದ್ದರು.

ಎಂಟು ತಿಂಗಳ ಹಿಂದೆ ಅವರ ಹೆಂಡತಿ ಐವಿ ತೀರಿಹೋಗಿದ್ದಳು. ಸಂಜೆಯ ಜಪಮಾಲೆಯಲ್ಲಿ ಪ್ರಾರ್ಥನೆಯ ಮೊದಲರ್ಧವನ್ನು ಫ್ರೆಡ್ರಿಕ್ ಹೇಳುವುದು, ಉಳಿದರ್ಧವನ್ನು ಐವಿ ಹೇಳುವುದು, ಇದು ಮದುವೆಯಾದ ವಾರದಿಂದ ನಡೆದುಬಂದದ್ದು. ಈಗಲೂ ಮೊದಲರ್ಧ ಹೇಳಿ ಅವರ ನಾಲಿಗೆ ತಾನಾಗಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಕಾದು, ಉಳಿದದ್ದನ್ನೂ ತಾವೇ ಹೇಳಿಕೊಳ್ಳುತ್ತಿದ್ದರು.

ಗ್ರಂಥದ ಕೆಲಸಕ್ಕೆ ಅವರು ಒಪ್ಪಿದ್ದು ಒಂದೇ ಕಾರಣಕ್ಕೆ. 'ಜಿಲ್ಲೆಯ ಜನರು' ಎಂಬ ಭಾಗದಲ್ಲಿ ಐವಿಯ ಹೆಸರು ಬರಬೇಕು. ನಾಲ್ಕು ಸಾಲು ಸಾಕು. ಇಪ್ಪತ್ತೊಂಬತ್ತು ವರ್ಷ ಇಲ್ಲಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಬಿ.ಪಿ. ನೋಡುವ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿಗೆ ಹೋಗುತ್ತಿದ್ದಳು. ಊರಿನ ಹುಡುಗರು ಅಲ್ಲಿ ಸಾಲಾಗಿ ಕುಳಿತು ತೋಳು ಮುಂದೆ ಮಾಡುತ್ತಿದ್ದರು.

ಗ್ರಂಥದ ಸಭೆಗಳು ಅಧ್ಯಕ್ಷ ಪುರಂದರರ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದವು. ಮೊದಲ ಸಭೆಯಲ್ಲೇ ಇತಿಹಾಸದ ತೊಡಕು ಎದ್ದಿತು. ಜಿಲ್ಲೆ ಹುಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ. ಅಲ್ಲಿ ಜಿಲ್ಲೆ ಎರಡಾದ ಮೇಲೆ ಇಲ್ಲಿ ಸಂಘವೂ ಎರಡಾಗಿತ್ತು. ಮಂಗಳೂರು ಕಡೆಯವರು ತಮ್ಮ ಗ್ರಂಥವನ್ನು ಎರಡು ವರ್ಷದ ಹಿಂದೆಯೇ ತಂದುಬಿಟ್ಟಿದ್ದರು.

"ಅರಸರನ್ನೆಲ್ಲ ಅವರು ಹಾಕಿ ಮುಗಿಸಿದ್ದಾರೆ ಪೊರ್ಬುಗಳೇ," ಎಂದರು ಪುರಂದರ. ಕರಾವಳಿಯ ತುಳುವರು ಕ್ರೈಸ್ತ ಹಿರಿಯರನ್ನು 'ಪೊರ್ಬು' ಎಂದೂ ಹೆಂಗಸರನ್ನು 'ಬಾಯಿ' ಎಂದೂ ಕರೆಯುವ ರೀತಿಯಲ್ಲೇ ಅವರು ಫ್ರೆಡ್ರಿಕರನ್ನು ಕರೆಯುತ್ತಿದ್ದರು. "ಅವರು ಎಂಜಲು ಮಾಡಿದ ಅರಸರು ನಮಗೆ ಬೇಡ. ನಾವು ತೊಂಬತ್ತೇಳರಿಂದ ಸುರು ಮಾಡುವ."

"ಅದಕ್ಕಿಂತ ಮುಂಚೆ ಆ ನೆಲದಲ್ಲಿ ಜನ ಇರಲಿಲ್ಲವೇ?" ಎಂದು ಫ್ರೆಡ್ರಿಕ್ ಕೇಳಿದರು.

"ಇದ್ದರು ಮಾರಾಯ್ರೆ. ಆದರೆ ಬಳಗದ ಮೆಂಬರ್ ಆಗಿರಲಿಲ್ಲ ಅಲ್ವಾ," ಎಂದರು ಖಜಾಂಚಿ ಶಬೀರ್, ಚಹಾ ಊದುತ್ತ. ಕಾರ್ಗೊ ವ್ಯವಹಾರದ ಶಬೀರ್ ತಮಾಷೆಗೆ ಹೇಳಿದ್ದು. ಅಧ್ಯಕ್ಷರು ಅದನ್ನೇ ಠರಾವು ಮಾಡಿ ಬರೆಸಿದರು. ಹೀಗೆ ಜಿಲ್ಲೆಯ ಇತಿಹಾಸವು ಬಳಗದ ಆರು ಮಂದಿ ಅಧ್ಯಕ್ಷರ ಇತಿಹಾಸವಾಯಿತು. ಅದರಲ್ಲಿ ಮೂರು ಸಲ ಅಧ್ಯಕ್ಷರಾದವರು ಪುರಂದರರೇ ಆದ್ದರಿಂದ ಅದು ಮಧ್ಯಯುಗವೂ ಆಯಿತು, ಆಧುನಿಕ ಯುಗವೂ ಆಯಿತು.

ಭೂಗೋಳವನ್ನು ಯಾರೂ ಕೇಳಲಿಲ್ಲ. ಹೊಳೆ, ಮಳೆ, ಗುಡ್ಡಗಳ ಫೋಟೋ ಹಾಕಿದರೆ ಜಾಹೀರಾತಿಗೆ ಜಾಗ ಸಾಲದೆಂದು ಆ ಅಧ್ಯಾಯವನ್ನು ಚಿತ್ರವಿಲ್ಲದೆ ಬರೆಯುವಂತೆ ಸಂಪಾದಕರಿಗೇ ಬಿಟ್ಟರು.

ಜನರ ಭಾಗಕ್ಕೆ ಬಂದಾಗ ಎಲ್ಲರೂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಜಿಲ್ಲೆಯಲ್ಲಿ ಹನ್ನೊಂದು ಲಕ್ಷಕ್ಕೂ ಮಿಕ್ಕಿ ಜನರಿದ್ದರು, ಪುಟಗಳಿದ್ದದ್ದು ಅರುವತ್ತು. ಜಗಳವಾಗದಂತೆ ಪುರಂದರರು ಒಂದು ಸೂತ್ರ ಕಂಡುಹಿಡಿದರು: ಬಳಗದಿಂದ ಸನ್ಮಾನ ಆದವರು ಮಾತ್ರ.

ಇದು ಎಲ್ಲರಿಗೂ ಒಪ್ಪಿಗೆಯಾಯಿತು, ಏಕೆಂದರೆ ಕೋಣೆಯಲ್ಲಿದ್ದವರಿಗೆಲ್ಲ ಸನ್ಮಾನ ಆಗಿತ್ತು. ಪ್ರತಿ ಶುಕ್ರವಾರದ ಕಾರ್ಯಕ್ರಮದಲ್ಲಿ ಯಾರಿಗಾದರೂ ಶಾಲು, ಪೇಟ, ಹಣ್ಣಿನ ಬುಟ್ಟಿ ಇದ್ದೇ ಇತ್ತು. ಪೇಟ ಬಳಗದಲ್ಲಿ ಇದ್ದದ್ದು ಒಂದೇ. ಫೋಟೋ ತೆಗೆದ ಕೂಡಲೇ ಅದನ್ನು ತಲೆಯಿಂದ ತೆಗೆದು ಕಪಾಟಿನಲ್ಲಿಡುತ್ತಿದ್ದರು. ಹಾಗಾಗಿ ಕೆಲವರ ಫೋಟೋದಲ್ಲಿ ಅದು ನೆತ್ತಿಯ ಮೇಲೆ ಹಕ್ಕಿಯಂತೆ ಕುಳಿತಿತ್ತು, ಕೆಲವರಲ್ಲಿ ಹುಬ್ಬಿನವರೆಗೆ ಇಳಿದಿತ್ತು. ಶಾಲು ಹೊದಿಸುವವರೂ ಹೊದೆಯುವವರೂ ಅವರವರೇ ಆಗಿ, ಎರಡು ಸುತ್ತು ಮುಗಿದು ಮೂರನೆಯದು ನಡೆಯುತ್ತಿತ್ತು.

ಐವಿಗೆ ಸನ್ಮಾನ ಆಗಿರಲಿಲ್ಲ. ಶುಕ್ರವಾರಗಳಂದು ಅವಳು ಕ್ಯಾಂಪಿನಲ್ಲಿರುತ್ತಿದ್ದಳು.

ಫ್ರೆಡ್ರಿಕ್ ಜೀವನದಲ್ಲಿ ಯಾರ ಬಳಿಯೂ ಏನನ್ನೂ ಕೇಳಿದವರಲ್ಲ. ಅಂದು ಗಂಟಲು ಸರಿಮಾಡಿಕೊಂಡು, "ನಮ್ಮ ಐವಿಯ ಬಗ್ಗೆ ನಾಲ್ಕು ಸಾಲು ಹಾಕಬಹುದಿತ್ತು," ಎಂದರು.

ಪುರಂದರರು ಕೆಟ್ಟವರಲ್ಲ; ಅವರ ಕಣ್ಣು ನಿಜವಾಗಿ ತೇವವಾಯಿತು. "ಬಾಯಮ್ಮನನ್ನು ಬಿಡ್ಲಿಕ್ಕೆ ಆಗ್ತದಾ? ಆದರೆ ಒಬ್ಬರಿಗೆ ರೂಲ್ ಸಡಿಲ ಮಾಡಿದ್ರೆ ನಾಳೆ ನೂರು ಜನ ಬಾಗಿಲಲ್ಲಿ. ಒಂದು ಕೆಲಸ ಮಾಡುವ. ಮುಂದಿನ ಶುಕ್ರವಾರ ಅವರ ಫೋಟೋಕ್ಕೆ ಸನ್ಮಾನ ಮಾಡಿಬಿಡುವ. ಪೇಟವನ್ನು ಫ್ರೇಮಿನ ಮೇಲಿಟ್ಟರೆ ಆಯ್ತು. ಶಾಲು ನೀವು ಹೊದ್ದುಕೊಳ್ಳಿ. ಆಮೇಲೆ ಗ್ರಂಥದಲ್ಲಿ ಫುಲ್ ಪೇಜ್."

ಫ್ರೆಡ್ರಿಕ್ ಒಪ್ಪಿಕೊಂಡರು. ಒಪ್ಪಿದ ಮೇಲೆ ನಾಲ್ಕು ದಿನ ಅವರಿಗೆ ಹಗುರವೂ ಎನಿಸಿತು. ಪೂರ್ತಿ ಒಂದು ಪುಟ ಎಂಬ ಮಾತು ಜಪಮಾಲೆಯ ನಡುವೆಯೂ ನುಸುಳಿ ಬರುತ್ತಿತ್ತು. ಅವರು ದೇವರ ಕ್ಷಮೆ ಬೇಡಿ ಮತ್ತೆ ಮೊದಲ ಮಣಿಗೆ ಬರುತ್ತಿದ್ದರು.

ಗುರುವಾರ ಮಧ್ಯಾಹ್ನ ಕಾರ್ಯದರ್ಶಿ ಆಶಾಲತಾ ಸನ್ಮಾನಪತ್ರವನ್ನು ತೋರಿಸಲು ಮನೆಗೆ ಬಂದಳು. ಚಿನ್ನದ ಅಂಚಿನ ಕಟ್ಟು. ಒಳಗೆ ಹೊಳೆಯುವ ಅಕ್ಷರ. ಫ್ರೆಡ್ರಿಕ್ ಕನ್ನಡಕ ಏರಿಸಿ ಓದಿದರು. 'ಕೊಡುಗೈ ದಾನಿ, ಯಶಸ್ವಿ ಉದ್ಯಮಿ, ಕ್ರಿಕೆಟ್ ಮತ್ತು ಕಬಡ್ಡಿಯ ಮಹಾಪೋಷಕ ಶ್ರೀ/ಶ್ರೀಮತಿ' ಎಂಬಲ್ಲಿಯವರೆಗೆ ಅಚ್ಚು. ಮುಂದೆ ಶಾಯಿಯಲ್ಲಿ 'ಐವಿ ಡಿಸಿಲ್ವ'. ಮತ್ತೆ ಅಚ್ಚು: 'ಇವರಿಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ.'

ಫ್ರೆಡ್ರಿಕ್ ಕೊನೆಯ ಸಾಲನ್ನು ಎರಡು ಸಲ ಓದಿದರು.

ಆಶಾಲತಾಳ ಮುಖ ಸಣ್ಣದಾಯಿತು. "ಅಂಕಲ್, ಊರಿನಿಂದ ಒಟ್ಟಿಗೆ ಐವತ್ತು ಅಚ್ಚು ಮಾಡಿಸಿ ತಂದದ್ದು. ಹೆಸರಿನ ಜಾಗ ಮಾತ್ರ ಖಾಲಿ. ನಾನು ಹೇಳಿದೆ ಪುರಂದರಣ್ಣನಿಗೆ. ಓದುವಾಗ ಆ ಸಾಲು ಬಿಟ್ಟು ಓದುವ ಅಂದ್ರು."

"ನೀನು ಬೇಸರ ಮಾಡ್ಕೋಬೇಡ ಮಗಾ," ಎಂದರು ಫ್ರೆಡ್ರಿಕ್. "ಅವರಿಗೆ ನಾನೇ ಹೇಳ್ತೇನೆ. ಸನ್ಮಾನ ಬೇಡ."

ಫೋನಿನಲ್ಲಿ ಪುರಂದರರು ನೊಂದುಕೊಂಡರು. "ಹಾಗಾದರೆ ಪುಸ್ತಕದಲ್ಲಿ ಬರ್ಲಿಕ್ಕಿಲ್ಲ ಪೊರ್ಬುಗಳೇ. ನನ್ನನ್ನು ತಪ್ಪು ತಿಳಿಯಬೇಡಿ."

"ನಿಮ್ಮ ತಪ್ಪಲ್ಲ," ಎಂದು ಫ್ರೆಡ್ರಿಕ್ ಫೋನಿಟ್ಟರು.

ಉಳಿದದ್ದು ಭೂಗೋಳ ಬರೆಯುವ ಕೆಲಸ. ಮೂರು ದಿನ ಅವರು ಮೇಜು ಬಿಟ್ಟೇಳಲಿಲ್ಲ. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ಇವೆರಡರ ನಡುವೆ ಅವಸರದಲ್ಲಿ ಓಡುವ ಹೊಳೆಗಳು ಎಂದು ಬರೆದರು. ಹೊಳೆಗಳು ಕಡಲು ಸೇರುವ ಮುಂಚೆ ನಿಧಾನವಾಗಿ, ನಡುವೆ ಕುದ್ರುಗಳೆಂಬ ಸಣ್ಣ ದ್ವೀಪಗಳನ್ನು ಬಿಟ್ಟುಹೋಗುತ್ತವೆ ಎಂದು ಬರೆದರು. ಐವಿ ಹುಟ್ಟಿದ್ದು ಅಂಥದೊಂದು ಕುದ್ರುವಿನಲ್ಲಿ. ಆ ಕುದ್ರುವಿನ ಹೆಸರು ಬಂದಲ್ಲಿ ಪೆನ್ನು ನಿಂತಿತು. ಊರಿನ ವಿವರ ಕೊಡುವಾಗ ಅಲ್ಲಿ ಏನು ಬೆಳೆಯುತ್ತದೆಂದು ಹೇಳುವುದು ಭೂಗೋಳದ ಕ್ರಮವೇ ತಾನೇ. ಫ್ರೆಡ್ರಿಕ್ ಹೀಗೆ ಬರೆದರು:

'ನೇರಳೆಕುದ್ರು. ಹದಿನಾಲ್ಕು ಮನೆಗಳು. ದೋಣಿಯಿಂದಲೇ ಸಂಚಾರ. ತೆಂಗು, ಮೀನು, ಸ್ವಲ್ಪ ಭತ್ತ. ಇಲ್ಲಿ ಹುಟ್ಟಿದ ಐವಿ ಎಂಬವಳು ದೋಣಿಯಲ್ಲಿ ಶಾಲೆಗೆ ಹೋಗಿ, ನರ್ಸ್ ಆಗಿ, ಕುವೈತಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹೆರಿಗೆ ಮಾಡಿಸಿದಳು. ಪ್ರತಿ ಶುಕ್ರವಾರ ಮೀನಾ ಅಬ್ದುಲ್ಲಾದ ಕ್ಯಾಂಪಿನಲ್ಲಿ ಕಾರ್ಮಿಕರನ್ನು ನೋಡುತ್ತಿದ್ದಳು. ಮಳೆಗಾಲದಲ್ಲಿ ಈ ಕುದ್ರುವಿನ ಸುತ್ತ ನೀರು ಕೆಂಪಾಗಿರುತ್ತದೆ.'

ಬರೆದು ಮುಗಿಸಿದ ಮೇಲೆ ಅವರಿಗೆ ನಾಚಿಕೆಯೂ ಆಯಿತು. ಬಳಗದವರೆಲ್ಲ ತಮ್ಮ ತಮ್ಮ ಹೆಸರನ್ನು ಗ್ರಂಥದೊಳಗೆ ತುರುಕಿದ್ದನ್ನು ಕಂಡು ನಕ್ಕವರು ತಾವು. ಈಗ ಮಾಡಿದ್ದೂ ಅದೇ. ಅಳಿಸಲು ಹೊರಟರು. ಯಾವ ಪದ ಸುಳ್ಳೆಂದು ಹುಡುಕಿದರು. ಸಿಗಲಿಲ್ಲ. ಬಿಟ್ಟರು.

ಪುರಂದರರಿಗೆ ಅಧ್ಯಾಯ ಸಿದ್ಧವಾಗಿದೆಯೆಂದು ತಿಳಿಸಿದರು.

"ಅದರಲ್ಲಿ ಫೋಟೋ ಉಂಟಾ?"

"ಇಲ್ಲ."

"ಬಳಗದವರ ಹೆಸರು?"

ಫ್ರೆಡ್ರಿಕ್ ಒಂದು ಕ್ಷಣ ಯೋಚಿಸಿದರು. ಐವಿ ಬಳಗದ ಸದಸ್ಯೆಯಾಗಿರಲಿಲ್ಲ. "ಇಲ್ಲ," ಎಂದರು.

"ಮತ್ತೆ ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು? ಆಶಾಲತಾ ಕರಡು ತಿದ್ದಲಿ, ಪ್ರೆಸ್ಸಿಗೆ ಕಳಿಸಿ. ಖಲಾಸ್."

ಎರಡು ದಿನದ ಮೇಲೆ ಆಶಾಲತಾ ಫೋನ್ ಮಾಡಿದಳು. "ಅಂಕಲ್, ನಾಳೆ ಪ್ರೆಸ್ಸಿಗೆ ಕಳಿಸುವುದು. ಕುದ್ರುವಿನ ಪುಟದಲ್ಲಿ ಒಂದು ತಪ್ಪುಂಟು."

ಐವಿಯ ಹೆಸರು ಅವಳ ಕಣ್ಣಿಗೆ ಬಿತ್ತೆಂದೇ ಫ್ರೆಡ್ರಿಕ್ ಎಣಿಸಿದರು. "ಹೇಳು ಮಗಾ."

"ಆಂಟಿ ಪ್ರತಿ ಶುಕ್ರವಾರ ಕ್ಯಾಂಪಿಗೆ ಹೋಗ್ತಿದ್ರು ಅಂತ ಬರ್ದಿದ್ದೀರಿ. ಅದು ಸರಿಯಲ್ಲ." ಅವಳು ತಡೆದು ತಡೆದು ಮಾತಾಡಿದಳು. "ನಮ್ಮ ತೃಷಾ ಹುಟ್ಟಿದ್ದು ಶುಕ್ರವಾರ. ಇವರು ಸೌದಿ ಗಡಿಯಲ್ಲಿ ಸೈಟಿನಲ್ಲಿದ್ರು, ನಾನೊಬ್ಳೇ. ಆಂಟಿಗೆ ಅವತ್ತು ಡ್ಯೂಟಿ ಇರ್ಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕೈ ಹಿಡ್ಕೊಂಡು ಕೂತಿದ್ರು. ಅವತ್ತು ಅವರು ಕ್ಯಾಂಪಿಗೆ ಹೋಗ್ಲಿಲ್ಲ."

ಆ ದಿನದ ಬಗ್ಗೆ ಐವಿ ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ. ಫ್ರೆಡ್ರಿಕರಿಗೆ ತಿಳಿದದ್ದು ಈಗ.

"ತಿದ್ದಬೇಕು," ಎಂದರು ಅವರು. "ನೀನೇ ಬರ್ಕೋ. 'ಪ್ರತಿ ಶುಕ್ರವಾರ' ಅಂತ ಇರುವುದಕ್ಕಿಂತ ಮುಂಚೆ, 'ಒಂದು ಶುಕ್ರವಾರದ ಹೊರತು' ಅಂತ ಸೇರಿಸು."

ಆಚೆಯಿಂದ ಪೆನ್ನಿನ ಸದ್ದು ಕೇಳಿಸಿತು. ಅವಳು ಬರೆದು ಮುಗಿಸುವವರೆಗೆ ಫ್ರೆಡ್ರಿಕ್ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದರು.