ಹಿದಾಯತ್ ಬರೆಯುತ್ತಿದ್ದಾರೆ

ಫೋನಿನ ಪರದೆಯಲ್ಲಿ ಹಸಿರು ಪಟ್ಟಿ ಅಲ್ಲೇ ನಿಂತಿದೆ, ಸಾಲಿನ ಕೊನೆಯಲ್ಲಿ, ಮಿಣುಕುವ ಸಣ್ಣ ಗೆರೆಯ ತಲೆಯ ಮೇಲೆ, ಒಳಗೆ ಬಿಳಿ ಅಕ್ಷರದಲ್ಲಿ ಹಿದಾಯತ್ — ಬಸ್ಸು ಹಂಪ್ ಹತ್ತಿ ಇಳಿದರೂ ಅದು ಅಲುಗುವುದಿಲ್ಲ, ಅಬ್ಬಾನ ಹೆಸರಿಗೆ ಅಬ್ಬಾನ ಸ್ವಭಾವವೇ ಬಂದಿದೆ, ಕೂತರೆ ಕೂತರು. ಫೋನೂ ಅಬ್ಬಾನದೇ, ಅಜ್ಜಂಪುರದ ಮೊಬೈಲ್ ಅಂಗಡಿಯವರು ಕೊಟ್ಟ ದಿನವೇ ಅವರ ಹೆಸರಿನಲ್ಲಿ ಒಂದು ಮೇಲ್ ಐಡಿ ಮಾಡಿಕೊಟ್ಟಿದ್ದರು, ಕರೆಂಟ್ ಬಿಲ್, ನಲ್ಲಿ ಬಿಲ್, ಮೇಲ್ ಐಡಿ, ಮನೆಗೊಂದು, ಎಲ್ಲ ಯಜಮಾನರ ಹೆಸರಿನಲ್ಲಿ, ಇದರಲ್ಲಿ ತಪ್ಪೇನಿದೆ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ. ತರೀಕೆರೆ ಕಾಲೇಜಿನಲ್ಲಿ ರಘುನಾಥ್ ಸರ್ ನಾಲ್ಕು ದೇಶದ ವಿದ್ಯಾರ್ಥಿಗಳು ಸೇರಿ ಒಂದು ಪ್ರಾಜೆಕ್ಟ್ ಮಾಡುತ್ತಾರೆ, ಯಾರು ಸೇರುತ್ತೀರಿ ಅಂದಾಗ ಫಾರ್ಮಿನಲ್ಲಿ ನಾನು ಬರೆದದ್ದು ಅದೇ ಐಡಿ, ಮರುದಿನ ಎಲ್ಲರೂ ಕೂಡಿ ಬರೆಯುವ ಆ ಡಾಕ್ಯುಮೆಂಟ್ ತೆರೆದರೆ ಅದು ನನ್ನನ್ನು ಕೇಳಲೇ ಇಲ್ಲ, ಹಿದಾಯತ್ ಬಂದಿದ್ದಾರೆ ಅಂತ ನಾಲ್ಕು ದೇಶಕ್ಕೂ ಸಾರಿಬಿಟ್ಟಿತು. ಸರ್ ಹತ್ತಿರ ಹೋದೆ, ಇರ್ಲಿ ಬಿಡಮ್ಮ, ಆಮೇಲೆ ಸರಿ ಮಾಡಿದ್ರಾಯ್ತು ಅಂದರು, ಆ ಆಮೇಲೆ ಮೂರು ತಿಂಗಳು ನಡೆದು ಇವತ್ತು ಹನ್ನೊಂದು ಗಂಟೆಗೆ ಬಂದು ನಿಂತಿದೆ, ಹನ್ನೊಂದಕ್ಕೆ ಡಾಕ್ಯುಮೆಂಟ್ ಮುಚ್ಚುತ್ತದೆ, ಆಮೇಲೆ ಒಂದು ಚುಕ್ಕಿಯನ್ನೂ ತಿದ್ದುವಂತಿಲ್ಲ, ಮೊದಲ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೆ ಮುಂದಿನ ವರ್ಷದ ಕೋರ್ಸಿನಲ್ಲಿ ಫೀಸಿಲ್ಲದ ಸೀಟು. ಮೊದಲ ಪುಟದಲ್ಲಿ ಇರುವವರು ಹಿದಾಯತ್, ಐವತ್ತೆರಡು ವರ್ಷ, ಏಳನೇ ಕ್ಲಾಸು, ಪಾತ್ರೆಗೆ ಕಲಾಯಿ ಹಾಕುವವರು. ಶಿವನಿಯಲ್ಲೇ ಹತ್ತಿ ನನಗೂ ಸೀಟು ಹಿಡಿದುಕೊಂಡು ಬಂದ ನನ್ನ ಕ್ಲಾಸಿನ ಧನ್ಯಶ್ರೀ ಬಗ್ಗಿ ನೋಡುತ್ತಾಳೆ, ಲೇ ಅಲ್ಫಿಯಾ, ಹಂಗೇ ಬಿಟ್ರೆ ನಿಮ್ಮಪ್ಪನೇ ಕೋರ್ಸಿಗೆ ಸೇರ್ಬೇಕಾಯ್ತದೆ ಕಣೇ, ಸೆಕೆಂಡ್ ಬೆಂಚಲ್ಲಿ ಕೂರುಸ್ಕೋತೀವಿ ಬಿಡು. ನಗು ಬಂತು, ನಕ್ಕೆ, ಟೈಮು ಹತ್ತು ಹದಿನೈದು.

ವಿಷಯ ದುರಸ್ತಿ — ನಿಮ್ಮೂರಿನಲ್ಲಿ ಸವೆದ ವಸ್ತುವನ್ನು ಬಿಸಾಡದೆ ಮತ್ತೆ ಬಳಕೆಗೆ ತರುವವರು ಯಾರು, ನೋಡಿ ಬರೆಯಿರಿ. ಕೀನ್ಯಾದ ಕಿಸುಮುವಿನ ಹುಡುಗಿ ಅಚಿಯೆಂಗ್, ತನ್ನೂರಿನ ಸರೋವರದ ದಡದಲ್ಲಿ ಹರಿದ ಮೀನುಬಲೆ ಹೊಲಿಯುವ ಹೆಂಗಸರ ಬಗ್ಗೆ ಬರೆದಳು, ಅವಳದು ಕಿತ್ತಳೆ ಪಟ್ಟಿ, ಅವಳ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ನಾನು ಕಾಲೇಜಿಗೆ ಹೊರಡುವಾಗ ಅವಳು ಎದ್ದು ಚಹಾ ಹಿಡಿದುಕೊಂಡು ನನ್ನ ಪುಟಕ್ಕೆ ಬರುತ್ತಾಳೆ, ಎಷ್ಟೋ ದಿನ ಹಸಿರೂ ಕಿತ್ತಳೆಯೂ ಒಂದೇ ಸಾಲಿನಲ್ಲಿ ಎದುರುಬದುರಾಗಿ, ನೀನು ಮೊದಲು ಹೋಗು ಅಂತ ಇಬ್ಬರೂ ಕಾದದ್ದುಂಟು, ಸಂತೆಬೀದಿಯ ತಿರುವಿನಲ್ಲಿ ಎರಡು ಆಟೋ ನಿಂತ ಹಾಗೆ. ಡಿಜಿಟಲ್ ಕಲಿಕೆಯ ಲಾಭಗಳು ಅಂತ ಪರೀಕ್ಷೆಯಲ್ಲಿ ಬಂದರೆ ಹತ್ತು ಅಂಶ ಬರೆಯಬಲ್ಲೆ, ಗಡಿಗಳಿಲ್ಲ, ಜ್ಞಾನ ಎಲ್ಲರ ಕೈಯಲ್ಲಿ, ಸಮಯದ ಉಳಿತಾಯ, ಯಾವುದೂ ಸುಳ್ಳಲ್ಲ, ಆದರೆ ಆ ಜ್ಞಾನ ನನ್ನ ಕೈಗೆ ಬರುವುದು ಅಬ್ಬಾ ಊಟಕ್ಕೆ ಕೂತಾಗ, ನಮಾಜಿಗೆ ಹೋದಾಗ, ಅದರ ನಡುವೆ ಕರೆ ಬರುತ್ತದೆ, ಏನ್ ಸಾಬ್ರೇ, ನಮ್ಮ ಹಂಡೆ ಯಾವತ್ತು, ಅಚಿಯೆಂಗಳ ಪ್ರಶ್ನೆ ಅರ್ಧಕ್ಕೆ ನಿಲ್ಲುತ್ತದೆ, ಹಂಡೆಯವರದ್ದು ಪೂರ್ತಿಯಾಗುತ್ತದೆ. ಇವತ್ತೊಂದು ದಿನ ಫೋನು ನನ್ನ ಕೈಗೇ ಕೊಟ್ಟು ಅಬ್ಬಾ ಕಡೂರಿಗೆ ಹಂಡೆ ಕೆಲಸಕ್ಕೆ ಹೋಗಿದ್ದಾರೆ. ಅಬ್ಬಾನ ಅಮ್ಮ, ನಮ್ಮ ದಾದಿ ಸರ್ವರ್ ಬೇಗಂ, ತಸ್ಬಿಯ ಮಣಿ ಎಣಿಸುತ್ತಲೇ ಹೇಳುತ್ತಾರೆ, ಆ ಡಬ್ಬಿಯಲ್ಲಿ ದುನಿಯಾ ಎಲ್ಲ ಕಾಣುತ್ತಂತೆ, ಒಲೆ ಮೇಲೆ ಹಾಲು ಉಕ್ಕೋದು ಮಾತ್ರ ಕಾಣಲ್ಲ. ಮನೆಯಲ್ಲಿ ದಖನಿ ಉರ್ದು, ಬಸ್ಸಿನಲ್ಲಿ ಕನ್ನಡ, ಡಾಕ್ಯುಮೆಂಟಿನಲ್ಲಿ ಇಂಗ್ಲಿಷ್, ನಡುವೆ ಅನುವಾದದ ಆ್ಯಪ್, ಅದಕ್ಕೆ ಯಾವ ಊರೂ ಇಲ್ಲ ಅಂತ ಕಾಣುತ್ತದೆ, ಕಲಾಯಿಗೆ ಒಂದು ಸಲ ಬಣ್ಣ ಬಳಿಯುವುದು ಅಂತ ಹೇಳಿತ್ತು, ತಿದ್ದಿದೆ. ಅಚಿಯೆಂಗ್ ನನ್ನನ್ನು ಮಿಸ್ಟರ್ ಹಿದಾಯತ್ ಅನ್ನುತ್ತಾಳೆ, ಕ್ಯಾಮೆರಾ ನಾನು ಎಂದೂ ಹಾಕಲಿಲ್ಲ, ಡೇಟಾ ಖಾಲಿಯಾಗುತ್ತದೆ ಅಂತ ಹೇಳಿದ್ದೆ, ಅದು ಅರ್ಧ ನಿಜ. ಈ ವಯಸ್ಸಿನಲ್ಲಿ ದುಡಿಯುತ್ತಾ ಓದುತ್ತಿದ್ದೀರಲ್ಲ, ನನ್ನ ತಂದೆಗೂ ನಿಮ್ಮ ವಿಷಯ ಹೇಳಿದೆ ಅಂತ ಅವಳು ಬರೆದ ದಿನವೇ ಹೇಳಬೇಕಿತ್ತು, ಹೇಳಲಿಲ್ಲ, ಯಾಕೆ ಅಂದರೆ ಹಿತವಾಗಿತ್ತು. ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಲು ಮೂರು ಸಲ ಎಂಜಲು ನುಂಗುವ ನಾನು ಹಿದಾಯತ್ ಆಗಿ ಕೂತರೆ ಇದು ನನಗೆ ಒಪ್ಪಿಗೆಯಿಲ್ಲ ಅಂತ ಸಲೀಸಾಗಿ ಬರೆಯುತ್ತಿದ್ದೆ, ಎಲ್ಲರೂ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದರು, ಅಬ್ಬಾನ ಅಂಗಿ ಹಾಕಿಕೊಂಡು ಊರು ಸುತ್ತಿದ ಹಾಗಿತ್ತು, ದೊಗಲೆ, ಆದರೆ ಗಾಳಿಯಾಡುತ್ತದೆ.

ಫೋಟೋಗಳು ಮಾತ್ರ ನಿಜವಾಗಿ ಅಬ್ಬಾನವು, ಅಂದರೆ ಅಬ್ಬಾನ ಕೈಗಳವು, ಮುಖ ಬೇಡ ಅಂದಿದ್ದರು. ಇದ್ದಿಲ ಕೆಂಡ, ಅದರ ಮೇಲೆ ಕಾದ ತಾಮ್ರದ ಹಂಡೆ, ನವಸಾಗರದ ಪುಡಿ ಬಿದ್ದೊಡನೆ ಏಳುವ ಬಿಳಿ ಹೊಗೆ — ಮೂಗಿನಲ್ಲಿ ಈಗಲೂ ಇದೆ, ನಮ್ಮ ಮನೆಯ ವಾಸನೆ ಅಂದರೆ ಅದೇ — ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹರಡುತ್ತದೆ, ಬಾಯಂಚಿನ ಹತ್ತಿರ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಜಾಗ ಬಿಡುತ್ತಾರೆ, ಅಲ್ಲಿ ಕೆಂಪು ತಾಮ್ರ ಹಾಗೇ ಕಾಣುತ್ತದೆ. ಅಚಿಯೆಂಗ್ ಫೋಟೋ ದೊಡ್ಡದು ಮಾಡಿ ನೋಡಿ ಪಕ್ಕದಲ್ಲಿ ಕಾಮೆಂಟ್ ಹಾಕಿದ್ದಳು, ಮಿಸ್ಟರ್ ಹಿದಾಯತ್, ಇಲ್ಲಿ ಕೆಲಸ ಮುಗಿದಿಲ್ಲವೇ. ಓದಿ ಹೇಳಿದೆ, ಅಬ್ಬಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಕೊಡು ಇಲ್ಲಿ, ನಾನೇ ಹೇಳ್ತೀನಿ ಅಂದರು, ಮೈಕಿನ ಗುರುತು ಒತ್ತಿಕೊಟ್ಟೆ, ಹೊಲದಾಚೆಗೆ ಕೂಗುವವರ ಹಾಗೆ, ದಖನಿಯಲ್ಲ, ಗಿರಾಕಿಗಳ ಹತ್ತಿರ ಆಡುವ ಕನ್ನಡದಲ್ಲಿ — ಮುಗ್ಸಿದೀನಮ್ಮ, ಬೇಕಂತ್ಲೇ ಬಿಟ್ಟಿರೋದು, ಮೇಲೆ ಎಷ್ಟು ಬೆಳ್ಳಗೆ ಮಾಡಿದ್ರೂ ಒಳಗಿರೋದು ಏನು ಅಂತ ಮನೆಯವ್ರಿಗೆ ಕಾಣ್ಬೇಕಲ್ಲ, ನಮ್ಮಪ್ಪನೂ ಹಿಂಗೇ ಬಿಡ್ತಿದ್ರು. ಅದು ಅಕ್ಷರವಾಗಿ ಬಂದು ಹಸಿರು ಪಟ್ಟಿಯ ಕೆಳಗೆ ಕೂತಿತು, ಮೂರು ತಿಂಗಳಲ್ಲಿ ಆ ಹೆಸರಿನವರೇ ಆ ಹೆಸರಿನಲ್ಲಿ ಬರೆದದ್ದು ಅದೊಂದೇ. ಅಚಿಯೆಂಗ್ ಅನುವಾದ ಮಾಡಿಕೊಂಡು ಓದಿ ಒಂದು ಹೃದಯದ ಚಿತ್ರ ಹಾಕಿದಳು, ಅದೇನು ಅಂದರು ಅಬ್ಬಾ, ಇಷ್ಟವಾಯಿತಂತೆ ಅಂದೆ, ಮತ್ತೆ ರೊಟ್ಟಿ ಮುರಿದರು.

ಹತ್ತು ಇಪ್ಪತ್ತೆಂಟು, ತೆಂಗಿನ ತೋಟ, ಇಟ್ಟಿಗೆ ಗೂಡು, ಮತ್ತೆ ತೋಟ, ಧನ್ಯಶ್ರೀ ಹೇಳುತ್ತಾಳೆ ಒಂದೊಂದೇ ಯಾಕೆ ಹುಡುಕ್ತೀಯಾ, ಎಲ್ಲಾನೂ ಒಂದೇ ಸಲ ಬದ್ಲಾಯ್ಸೋ ಬಟನ್ ಐತಲ್ಲ — ಇದೆ, ಹುಡುಕು, ಬದಲಿಸು, ಎಲ್ಲವನ್ನೂ ಬದಲಿಸು, ಹಿದಾಯತ್ ಇದ್ದಲ್ಲೆಲ್ಲ ಅಲ್ಫಿಯಾ, ಒತ್ತಿದೆ, ಹದಿನಾಲ್ಕು ಕಡೆ ಬದಲಾಯಿತು ಅಂತು, ಕಣ್ಣು ಮಿಟುಕಿಸುವಷ್ಟರಲ್ಲಿ. ಮೊದಲ ಪುಟ, ಅಲ್ಫಿಯಾ, ಅಜ್ಜಂಪುರ, ಭಾರತ, ಚೆನ್ನಾಗಿಯೇ ಕಾಣುತ್ತದೆ, ಎರಡು ಸಲ ಓದಿಕೊಂಡೆ, ಕೆಳಗಿಳಿದೆ, ಅಲ್ಫಿಯಾ ಮೂವತ್ತು ವರ್ಷದಿಂದ ಕಲಾಯಿ ಹಾಕುತ್ತಿದ್ದಾರೆ, ಅಲ್ಫಿಯಾ ಕೆಂಡದ ಬಣ್ಣ ನೋಡಿಯೇ ಶಾಖ ಹೇಳುತ್ತಾರೆ, ಅಲ್ಫಿಯಾ ಅವರ ಬಲ ಅಂಗೈಯಲ್ಲಿ ಹಳೆಯ ಸುಟ್ಟ ಕಲೆಯಿದೆ — ನನ್ನ ಅಂಗೈ ನೋಡಿಕೊಂಡೆ, ಸೊನ್ನೆ ರೂಪಾಯಿಯ ಬಸ್ ಟಿಕೆಟ್ ಇತ್ತು, ಅಷ್ಟೇ. ಹಿದಾಯತ್ ತಾವೇ ಕೆಲಸ ಮಾಡಿ ತಾವೇ ಬರೆಯುತ್ತಾರೆ ಅಂತ ನಂಬಿ ಅಚಿಯೆಂಗ್, ಎಲ್ಲರ ಬರಹ ಜೋಡಿಸುವಾಗ, ನಮ್ಮಿಬ್ಬರನ್ನೂ ಒಬ್ಬರನ್ನಾಗಿ ಮಾಡಿದ್ದಳು, ನಾನು ಒಂದು ಬಟನ್ನಿನಲ್ಲಿ ಆ ಒಬ್ಬರಲ್ಲಿ ಅಬ್ಬಾನನ್ನು ಒರೆಸಿ ಹಾಕಿದ್ದೆ. ಕಿತ್ತಳೆ ಪಟ್ಟಿ ಬಂದು ನಿಂತಿತು, ಅಲ್ಲಿ ಈಗ ಎಂಟು ಗಂಟೆ, ಕಾಮೆಂಟ್ ಬಂತು, ಅಲ್ಫಿಯಾ ಯಾರು. ಉತ್ತರಕ್ಕೆ ಬೆರಳು ಇಡುವಷ್ಟರಲ್ಲಿ ಪುಟ ಮಾಯ, ಕರೆ, ಗೊತ್ತಿಲ್ಲದ ನಂಬರು, ನಾನಮ್ಮ ರೇವಣಪ್ಪ, ಕಡೂರು ಕಲ್ಯಾಣ ಮಂಟಪದಿಂದ, ಸಾಬ್ರು ಮಾತಾಡ್ತಾರಂತೆ, ಇರು ಕೊಡ್ತೀನಿ. ಆಮೇಲೆ ಅಬ್ಬಾ, ಫೋನು ರೇವಣಪ್ಪನದು ಅಂತಲೋ ಏನೋ ನನ್ನ ಹತ್ತಿರವೂ ಕನ್ನಡ, ಗಿರಾಕಿಗಳು ಯಾರಾದ್ರೂ ಮಾಡಿದ್ರಾ, ಇಲ್ಲ ಅಬ್ಬಾ, ನಿನ್ನ ಕೆಲ್ಸ ಆಯ್ತಾ, ಆಗ್ತಾ ಇದೆ, ನಿಮ್ಮದು, ನಂದು ಆಯ್ತು, ನಾಲ್ಕನೇ ಹಂಡೆ ಈಗ ಇಳ್ಸಿದೀನಿ, ಆ ಕೆಂಪು ಜಾಗ ಬಿಡ್ಬೇಡಿ, ಮದುವೆಯೋರು ಅರೆಬರೆ ಕೆಲ್ಸ ಅಂತಾರೆ ಅಂದ್ರು ರೇವಣಪ್ಪ, ನಾಲ್ಕಕ್ಕೂ ಮುಚ್ಬಿಟ್ಟೆ. ಮುಚ್ಬಿಟ್ರಾ ಅಂದೆ. ಅಬ್ಬಾ ನಕ್ಕರೋ ಕೆಮ್ಮಿದರೋ, ಫಿಕರ್ ನಕ್ಕೋ ಬೇಟಾ, ಚಿಂತೆ ಬೇಡ, ನೀರು ಕಾಯೋದು ಕಾಯ್ತದೆ. ಮತ್ತೆ ತೆಗೆಯೋಕಾಗಲ್ವಾ ಅಬ್ಬಾ. ಬಿಸಿ ಇರೋವಾಗ ಒರೆಸಿದ್ರೆ ಆಗ್ತದೆ, ತಣ್ಣಗಾದ್ಮೇಲೆ ಆಗಲ್ಲ, ಇಡ್ತೀನಿ, ಅವ್ರ ಫೋನು. ಇಟ್ಟರು, ಕಿಟಕಿ ಮುಚ್ಚಿದೆ, ಧೂಳಿರಲಿಲ್ಲ.

ಹಿಂದಕ್ಕೆ ತಿರುಗಿದ ಬಾಣದ ಗುರುತು ಒತ್ತಿದೆ, ಹದಿನಾಲ್ಕೂ ಹಿದಾಯತ್ ವಾಪಸ್ ಬಂದರು, ಈಗ ಒಂದೊಂದಾಗಿ, ಮೊದಲ ಪುಟದ್ದು ನಾನು, ಅಲ್ಫಿಯಾ, ಮೂವತ್ತು ವರ್ಷ ಅಬ್ಬಾ, ಇರಲಿ, ಕೆಂಡ ಅಬ್ಬಾ, ಅಂಗೈ ಅಬ್ಬಾ, ಒಪ್ಪಿಗೆಯಿಲ್ಲ ಅಂದದ್ದು ನಾನು, ತರಗತಿಯ ಮಾತು ನಾನು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹದಿಮೂರು ಆಯಿತು, ಕೊನೆಯದು ಅಚಿಯೆಂಗ್ ಬರೆದ ಸಾಲು, ಹಿದಾಯತ್ ತಮ್ಮ ಕೆಲಸವನ್ನು ತಾವೇ ವಿವರಿಸುತ್ತಾರೆ — ಇದು ಯಾರು, ಮಾತು ಅವರದು, ವಾಕ್ಯ ನನ್ನದು, ಅವರು ಕೈ ಆಡಿಸುತ್ತಾ ಹೇಳಿದ್ದನ್ನು ನಾನು ಕೂತು ಬರೆದದ್ದು, ಎಲ್ಲಿ ಗೆರೆ ಎಳೆಯುವುದು, ಬೆರಳು ನಿಂತಿತು, ಹಾಗೇ ಬಿಟ್ಟೆ. ಹತ್ತು ಐವತ್ತೆರಡು. ಅಲ್ಫಿಯಾ ಯಾರು ಎನ್ನುವುದು ಪಕ್ಕದಲ್ಲಿ ಕಾಯುತ್ತಿದೆ. ಧನ್ಯಶ್ರೀ ಮೆಲ್ಲಗೆ, ಏನೂ ಬರೀಬೇಡ ಕಣೇ, ಮೊದ್ಲ ಪುಟದಲ್ಲಿ ಹೆಸರು ಬಂತಲ್ಲ, ಸುಮ್ನಿದ್ಬಿಡು. ಸುಮ್ಮನಿರಬಹುದು, ಎಂಟು ನಿಮಿಷ ಸುಮ್ಮನಿದ್ದರೆ ಸೀಟು ಬರಬಹುದು, ಮೂರು ತಿಂಗಳು ಇನ್ನೊಬ್ಬರ ಹೆಸರಿನಲ್ಲಿ ಮಾತಾಡಿದವಳು ಅಂತ ಗೊತ್ತಾದರೆ ಬರದೇ ಹೋಗಬಹುದು, ಸೀಟು ನನಗೆ ಬೇಕು, ಯಾವುದೂ ಇಷ್ಟು ಬೇಕು ಅನ್ನಿಸಿರಲಿಲ್ಲ. ಬರೆದೆ — ಅಲ್ಫಿಯಾ ನಾನು, ಹಿದಾಯತ್ ನನ್ನ ತಂದೆ, ಕಲಾಯಿ ಅವರದು, ಕೆಂಪು ಜಾಗದ ಬಗ್ಗೆ ನಿನಗೆ ಹೇಳಿದವರು ಅವರೇ, ಉಳಿದದ್ದನ್ನು ಬರೆದವಳು ನಾನು, ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಕಳಿಸಿದೆ, ನೋಡಿದರೆ ಅದರ ತಲೆಯ ಮೇಲೂ ಹಸಿರು ಪಟ್ಟಿ, ಹಿದಾಯತ್, ಅಲ್ಫಿಯಾ ನಾನು ಅನ್ನುತ್ತಿರುವವರು ಹಿದಾಯತ್, ಇನ್ನೇನು ಮಾಡುವುದು, ಫೋನು ಅವರದು. ತರೀಕೆರೆ ಬಂತು, ಜನ ಎದ್ದರು, ಇಳೀತೀಯೇನೇ ಅಂದಳು ಧನ್ಯಶ್ರೀ, ನೀನು ಇಳಿ, ಬತ್ತೀನಿ ಅಂದೆ. ಕಿತ್ತಳೆ ಗೆರೆ ಮಿಣುಕುತ್ತಿದೆ, ಮೂರು ಚುಕ್ಕಿ ಬರುತ್ತವೆ, ಹೋಗುತ್ತವೆ, ಮತ್ತೆ ಬರುತ್ತವೆ, ಅಚಿಯೆಂಗ್ ಬರೆದು ಅಳಿಸುತ್ತಿದ್ದಾಳೆ, ಕೋಪವೋ, ಏನೋ, ಹನ್ನೊಂದು — ಪುಟ ಬೂದು ಬಣ್ಣಕ್ಕೆ ತಿರುಗಿತು, ಹಸಿರೂ ಇಲ್ಲ, ಕಿತ್ತಳೆಯೂ ಇಲ್ಲ, ಕಂಡಕ್ಟರ್ ಇಳಿಯಮ್ಮ ಅಂತಿದ್ದಾರೆ, ಕಡೂರಿನಲ್ಲಿ ನಾಲ್ಕನೇ ಹಂಡೆ ಈಗ ತಣ್ಣಗಾಗಿರುತ್ತದೆ, ಅಬ್ಬಾ ಒರೆಸಿದರೋ ಹಾಗೇ ಬಿಟ್ಟರೋ, ಕೇಳೋಣವೆಂದರೆ ಅಬ್ಬಾನ ಫೋನು ನನ್ನ ಕೈಯಲ್ಲೇ ಇದೆ, ರೇವಣಪ್ಪನ ನಂಬರಿಗೆ ಮಾಡಬಹುದು, ಮಾಡಿ ಏನಂತ ಕೇಳುವುದು, ಬಾಯಂಚಿನ ಹತ್ತಿರ, ಹೆಬ್ಬೆರಳಿನ ಉಗುರಿನಷ್ಟು, ಕೆಂಪು, ಇದೆಯೋ ಅಂತ, ಹೆಬ್ಬೆರಳಿನ ಉಗುರಿನಷ್ಟು, ಕೆಂಪು