ಹಳದಿ ಬಾರದ ಕುಳಿ

ಬೊಮ್ಮಸಂದ್ರದ ನಮ್ಮ ಲ್ಯಾಬಿನಲ್ಲಿ ಹಳದಿ ಬಂದರೆ ಸೋಲು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಕುಳಿ. ನೆನಪಿಗೆ ಬೇಕಾದ ರಾಸಾಯನಿಕವನ್ನು ಮಿದುಳಿನಲ್ಲಿ ಒಡೆದುಹಾಕುವ ಕಿಣ್ವವೊಂದಿದೆ. ಅದನ್ನು ಕುಳಿಗಳಿಗೆ ಹಾಕಿ ಮೇಲೆ ಗಿಡಮೂಲಿಕೆಯ ಸಾರ ಬಿಡುತ್ತೇವೆ. ಕಿಣ್ವ ತನ್ನ ಕೆಲಸ ಮಾಡಿದರೆ ನೀರು ಹಳದಿಯಾಗುತ್ತದೆ. ಸಾರ ಅದನ್ನು ತಡೆದರೆ ತಿಳಿಯಾಗಿಯೇ ಉಳಿಯುತ್ತದೆ.

ಆ ದಿನ ಒಂದೆಲಗದ ಸಾರ ಹಾಕಿದ ಸಾಲು ಪೂರ್ತಿ ತಿಳಿಯಾಗಿತ್ತು.

"ಪಾಸಾದ್ರ ಯಾಕ ಅಳಾಕತ್ತೀರಿ ಅಕ್ಕಾ? ಫೇಲಾದವ್ರು ಅಳಬೇಕ್ರಿ," ಎಂದಳು ಪಕ್ಕದ ಮೇಜಿನ ದಾನೇಶ್ವರಿ, ಬಾಗಲಕೋಟೆ ಕಡೆಯವಳು.

ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಮ್ಮನೂ ನನ್ನನ್ನು ಅಕ್ಕ ಎನ್ನತೊಡಗಿ ಎಂಟು ತಿಂಗಳಾಗಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತಳನ್ನು ಕರೆಯುವ ಹಾಗೆ. "ಅಕ್ಕಾ, ಒತ್ತಾಯ್ತು, ನಿಮ್ಮನೆಗೆ ಓಗಲ್ವಾ?"

ಮರೆವಿಗೆಂದು ಡಾಕ್ಟರು ಬರೆದ ಮಾತ್ರೆ ವರ್ಷದಿಂದ ನಡೆದಿತ್ತು. ಅದರಿಂದ ಅಮ್ಮನಿಗೆ ನನ್ನ ಗುರುತು ಮರಳಿರಲಿಲ್ಲ.

ತೂಗಿ ಉಳಿದ ಸಾರದ ಪುಡಿಯನ್ನು ಎಸೆದು ಸಹಿ ಮಾಡುವುದು ಲ್ಯಾಬಿನ ನಿಯಮ. ಸಹಿ ಮಾಡಿದೆ. ಪುಡಿ ನನ್ನ ಊಟದ ಡಬ್ಬಿ ಸೇರಿತು. ನಾನು ಚಿಕ್ಕವಳಿದ್ದಾಗ ಕುಂದಲಹಳ್ಳಿಯ ಮನೆಯಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಅಮ್ಮ ಒಂದೆಲಗ ಬೆಳೆಸುತ್ತಿದ್ದಳು. ಪರೀಕ್ಷೆ ಬಂತೆಂದರೆ ಅದರ ಚಟ್ನಿ ಅರೆದು ತಿನ್ನಿಸುತ್ತಿದ್ದಳು. ಅದೇ ಸೊಪ್ಪು ತಾನೇ ಅಂದುಕೊಂಡೆ. ದಿನಾ ಬೆಳಿಗ್ಗೆ ಒಂದು ಚಮಚ, ಮಜ್ಜಿಗೆಯಲ್ಲಿ.

ಒಂಬತ್ತನೆಯ ದಿನ ಅಮ್ಮ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. "ಸೌಮೀ, ಏನೇ ಇದು ತಲೆ! ಬೆಳ್ಳಗಾಗೋಯ್ತಲ್ಲೇ. ಎಣ್ಣೆ ಅಚ್ಕೊಳಕೇನು ರೋಗ ನಿಂಗೆ?"

ಬೈಸಿಕೊಂಡು ಅಷ್ಟು ಸುಖಪಟ್ಟಿದ್ದು ನನ್ನ ನಲವತ್ತೇಳು ವರ್ಷದಲ್ಲಿ ಇಲ್ಲ. ಕಂಪನಿ ಬಸ್ಸು ಹೋದರೆ ಹೋಗಲಿ ಎಂದು ಅವಳ ಕಾಲ ಬಳಿ ಕೂತು ಎಣ್ಣೆ ಹಚ್ಚಿಸಿಕೊಂಡೆ. ಮರುದಿನ ಒಂದೂವರೆ ಚಮಚ ಹಾಕಿದೆ.

ಹನ್ನೊಂದನೆಯ ದಿನ ಅಮ್ಮ ಬಚ್ಚಲಲ್ಲಿ ಬಿದ್ದಳು. ಮುಂಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ನಾಡಿ ನಿಮಿಷಕ್ಕೆ ಮೂವತ್ತಾರು.

"ಇವರ ಮಾತ್ರೆ ಕೆಲವರಿಗೆ ಹೃದಯದ ಬಡಿತ ಇಳಿಸುತ್ತೆ," ಎಂದರು ಡಾಕ್ಟರು. "ಆದ್ರೆ ವರ್ಷದಿಂದ ಚೆನ್ನಾಗೇ ಇದ್ರಲ್ಲ. ಬೇರೇನಾದ್ರೂ ಕೊಡ್ತಿದ್ರಾ?"

"ಇಲ್ಲ ಮೇಡಂ."

"ಹಾಗಾದ್ರೆ ಹೃದಯದ್ದೇ ತೊಂದರೆ ಇರ್ಬೇಕು. ಪೇಸ್‌ಮೇಕರ್ ಹಾಕೋಣ."

ಹೊರಗೆ ಬೆಂಚಿನ ಮೇಲೆ ಕೂತೆ. ಅಮ್ಮ ನುಂಗುವ ಅದೇ ಮದ್ದನ್ನು ಲ್ಯಾಬಿನಲ್ಲಿ ನಾವು ಹೋಲಿಕೆಗೆ ಇಟ್ಟುಕೊಳ್ಳುತ್ತೇವೆ. ಅದರ ಸಾಲು ಒಂದು ಕಡೆ, ನಮ್ಮ ಸಾರದ ಸಾಲು ಇನ್ನೊಂದು ಕಡೆ. ಎರಡೂ ತಡೆಯುವುದು ಒಂದೇ ಕಿಣ್ವವನ್ನು. ಈ ಕೆಲಸದ ಹದಿನೇಳು ವರ್ಷದಲ್ಲಿ ಎರಡನ್ನೂ ಒಂದೇ ಕುಳಿಗೆ ಹಾಕಿದವಳಲ್ಲ ನಾನು. ಅಮ್ಮನ ಮೈಗೆ ಹಾಕಿದ್ದೆ. ಈಗ ನನ್ನ ಒಂದು 'ಇಲ್ಲ'ಕ್ಕೆ ಅವಳ ಎದೆ ಕೊಯ್ಯುತ್ತಾರೆ.

ಎದ್ದು ಒಳಗೆ ಹೋಗಿ ಎಲ್ಲಾ ಹೇಳಿದೆ. ಪುಡಿ, ಚಮಚ, ಸಹಿ.

ಡಾಕ್ಟರು ಅಮ್ಮನ ಚೀಟಿ ಎಳೆದುಕೊಂಡರು. "ಚಟ್ನಿ ತಿನ್ನಿಸಿದ್ರೆ ಇಷ್ಟಾಗ್ತಿರ್ಲಿಲ್ಲ ಕಣ್ರೀ. ಕೆಜಿಗಟ್ಟಲೆ ಸೊಪ್ಪಿನ ಸಾರ ಕೊಟ್ಟಿದ್ದೀರ. ಕಲಿತೋರು ನೀವು." ಚೀಟಿಯಲ್ಲಿ ಏನೋ ಹೊಡೆದುಹಾಕಿದರು. "ಎರಡನ್ನೂ ನಿಲ್ಸಿ ಕಾಯೋಣ. ನಾಡಿ ಸರಿಹೋದ್ರೂ ಆ ಮಾತ್ರೆ ಮತ್ತೆ ಕೊಡೋ ಧೈರ್ಯ ನನಗಿಲ್ಲ."

ನಾಲ್ಕನೆಯ ದಿನಕ್ಕೆ ನಾಡಿ ಅರವತ್ತಕ್ಕೆ ಬಂತು. ಎದೆ ಕೊಯ್ಯಲಿಲ್ಲ. ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಪಟ್ಟಿ ಕಟ್ಟಿದ ಕೈ ಎತ್ತಿ ನನ್ನನ್ನು ಹತ್ತಿರ ಕರೆದಳು.

"ಅಕ್ಕಾ, ಒಳ್ಳೇರು ನೀವು. ಒಂದ್ ಮಾತು ನಡೆಸ್ಕೊಡ್ತೀರಾ?"

"ಹೇಳಿ."

"ನಾನ್ ಬಿದ್ದಿದ್ದು ನಮ್ ಸೌಮಿಗೆ ಯೋಳ್ಬ್ಯಾಡಿ. ಎದರ್ಕತಾಳೆ, ಪುಕ್ಕಲಿ."

"ಹೇಳಲ್ಲ," ಎಂದು ಅವಳ ಬಾಯಿ ಒರೆಸಿದೆ.