ಮಂಜುಗಡ್ಡೆಯ ಮೇಲೆ ಈಡುಗಾಯಿ

ತಿಪಟೂರು ಸೀಮೆಯಲ್ಲಿ ಹಳೇ ಸೈಕಲ್ ಕೊಂಡರೂ ಅದರ ಮುಂದೆ ಒಂದು ಕಾಯಿ ಒಡೆಯದೆ ಯಾರೂ ಪೆಡಲ್ ತುಳಿಯುವುದಿಲ್ಲ. ಹಾಗಿರುವಾಗ ಸೊಸೆ ಭೂಮಿಯ ತುದಿಗೆ, ಅದೂ ಮಂಜುಗಡ್ಡೆ ಒಡೆದುಕೊಂಡು ಹೋಗುವ ಹಡಗಿನಲ್ಲಿ ಹೊರಟಿದ್ದಾಳೆಂದರೆ ನಮ್ಮತ್ತೆ ಚಿಕ್ಕಗಂಗಮ್ಮ ಸುಮ್ಮನಿರುತ್ತಾರೆಯೇ? ಅಟ್ಟ ಹತ್ತಿದರು. ಕೊಬ್ಬರಿಗೆಂದು ಪೇರಿಸಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಚೆನ್ನಾಗಿ ತುಳುಕಿದ್ದೊಂದನ್ನು ಸಿಪ್ಪೆಸಮೇತ ತಂದು ನನ್ನ ಪೆಟ್ಟಿಗೆಗೆ ತುರುಕಿದರು.

“ಸಿಪ್ಪೆ ಇದ್ರೆ ತಿಂಗ್ಳುಗಟ್ಲೆ ಕೆಡಲ್ಲ ಕಣೇ ಮಂಗಳಾ. ಹಡಗು ಐಸಿಗೆ ಮೂತಿ ಇಟ್ಟ ತಕ್ಷಣ ಈಡುಗಾಯಿ ಹಾಕ್ಬುಡು. ಮಿಕ್ಕಿದ್ದು ದೇವ್ರು ನೋಡ್ಕತಾನೆ.”

ಇದು ತೊಂಬತ್ತೆಂಟರ ಮಾತು. ನಾನು ಕಂದಿಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಭೂಗೋಳ, ವಿಜ್ಞಾನ ಎರಡನ್ನೂ ಹೇಳಿಕೊಡುತ್ತಿದ್ದೆ. ಅಂಟಾರ್ಕ್ಟಿಕಾಕ್ಕೆ ಹೋಗುವ ವಿಜ್ಞಾನಿಗಳ ತಂಡದಲ್ಲಿ ಆ ವರ್ಷ ಶಾಲಾ ಶಿಕ್ಷಕರಿಗೆಂದು ಒಂದು ಜಾಗ ಇಟ್ಟಿದ್ದರು. ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಕೇಳಿದ್ದಕ್ಕಿಂತ ಹೆಚ್ಚೇ ಮಾತಾಡಿದೆ. ನನ್ನ ಬಾಯಿಗೆ ಹೆದರಿಯೋ ಏನೋ, ಜಾಗ ಕೊಟ್ಟರು.

ನನಗಿದ್ದದ್ದು ಒಂದೇ ಆಸೆ. ಅಷ್ಟು ವರ್ಷ ಕರಿಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದು ಒರೆಸಿದ ನೆಲದ ಮೇಲೆ ನನ್ನ ಎರಡು ಕಾಲೂರಿ ನಿಲ್ಲಬೇಕು. ಬರೀ ನೋಡುವುದಾದರೆ ಪಠ್ಯಪುಸ್ತಕದಲ್ಲಿ ಫೋಟೋ ಇತ್ತಲ್ಲ. ಐಸು ಅಂತ ನಾನು ಅದುವರೆಗೆ ಮುಟ್ಟಿದ್ದು ತಿಪಟೂರು ಬಸ್‌ಸ್ಟ್ಯಾಂಡಿನ ಐಸ್‌ಕ್ಯಾಂಡಿ ಡಬ್ಬಿಯದ್ದು ಮಾತ್ರ.

ಹಡಗು ಹೊರಟ ಮಾರನೇ ದಿನವೇ ಆ ಆಸೆಗೆ ಕಲ್ಲು ಬಿತ್ತು. ತಂಡದ ನಾಯಕರಾದ ಡಾಕ್ಟರ್ ಲಾಹಿರಿ ಎಲ್ಲರನ್ನೂ ಕೂರಿಸಿಕೊಂಡು ನಿಯಮ ಹೇಳಿದರು.

“ಶಿಕ್ಷಕಿಯವರು ವೀಕ್ಷಕರು. ಡೆಕ್ಕಿನಿಂದ ಎಲ್ಲವನ್ನೂ ನೋಡಬಹುದು. ಐಸಿನ ಮೇಲೆ ಕೆಲಸವಿದ್ದವರು ಮಾತ್ರ ಇಳಿಯುತ್ತಾರೆ.”

ತಿಂಡಿಯ ಹೊತ್ತಿನಲ್ಲಿ ಕೇಳಿದೆ, ಊಟದ ಹೊತ್ತಿನಲ್ಲಿ ಕೇಳಿದೆ, ಅವರು ದೂರದರ್ಶಕ ಹಿಡಿದು ನಿಂತಾಗಲೂ ಹೋಗಿ ಕೇಳಿದೆ. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ನನಗೆ ಮೈಯೆಲ್ಲ ಉರಿಯಿತು. ಮದುವೆಮನೆಗೆ ಕರೆದು, ಎಲೆ ಹಾಕದೆ ಕಳಿಸಿದ ಹಾಗೆ. ತಂಟೆಕೋರ ಕ್ಲಾಸಿನ ಮೇಲೆ ಪ್ರಯೋಗಿಸುವ ನನ್ನ ಮೌನವನ್ನು ಅವರ ಮೇಲೂ ಪ್ರಯೋಗಿಸಿದೆ. ಅವರಿಗೆ ಅದು ಹಿತವಾಗಿಯೇ ಇದ್ದಂತೆ ಕಂಡಿತು.

ಹಡಗಿನಲ್ಲಿ ನಮ್ಮ ಕಡೆಯವನು ಇನ್ನೊಬ್ಬನಿದ್ದ. ಈರೇಶ್ ಅಂತ, ಅಮ್ಮಸಂದ್ರದವನು, ಡೀಸೆಲ್ ಮೆಕ್ಯಾನಿಕ್ಕು. ಅಂಟಾರ್ಕ್ಟಿಕಾದ ನಮ್ಮ ನೆಲೆಯ ಜನರೇಟರ್ ನೋಡಿಕೊಳ್ಳಲು ಬಂದಿದ್ದ.

“ಬುಡಿ ಮೇಡಮ್ಮೋರೆ, ಡೆಕ್ಕಿಂದ್ಲೂ ಅದೇ ಐಸು ಕಾಣೋದು,” ಎಂದು ಸಮಾಧಾನ ಹೇಳಿದ.

“ನೀನು ಇಳೀತೀಯಲ್ಲ, ಅದ್ಕೇ ಹಂಗಂತೀಯ,” ಎಂದೆ.

ಒಂದು ಬೆಳಿಗ್ಗೆ ಹಡಗು ಮೈಯೆಲ್ಲ ಗಡಗಡ ನಡುಗಿ ನಿಂತಿತು. ಓಡಿಹೋಗಿ ನೋಡಿದರೆ ಮೂತಿ ಐಸಿನೊಳಗೆ ನೆಟ್ಟಿತ್ತು. ಆಚೆ ಕಣ್ಣು ಹರಿಯುವಷ್ಟೂ ಬಿಳುಪು. ಅಳು ಬಂತು, ಸಂತೋಷಕ್ಕೆ ಅರ್ಧ, ಇಳಿಯಲಾರೆನಲ್ಲಾ ಎಂಬ ಸಂಕಟಕ್ಕೆ ಅರ್ಧ. ಆಮೇಲೆ ಅತ್ತೆಯ ಮಾತು ನೆನಪಾಯಿತು. ಈರೇಶ್ ಎಂಜಿನ್ ಕೋಣೆಯ ಹಾರೆಯಲ್ಲಿ ಜುಟ್ಟು ಬಿಟ್ಟು ಕಾಯಿ ಸುಲಿದುಕೊಟ್ಟ. ಮನೆದೇವರನ್ನು ನೆನೆದು, ಹಡಗಿಗೆ ಮೂರು ಸಲ ನಿವಾಳಿಸಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೆಳಗೆ ಎಸೆದೆ. ಗಾಳಿ ಗುಡಿಸಿಟ್ಟ ಗಟ್ಟಿ ಐಸಿಗೆ ಬಡಿದು ಕಾಯಿ ಚೂರುಚೂರಾಗಿ ಸಿಡಿಯಿತು.

“ಒಳ್ಳೇ ಕಾಯಿ ಕಣ್ರೀ,” ಎಂದ ಈರೇಶ್.

“ಏನದು?” ಎಂದು ಹಿಂದಿನಿಂದ ದನಿ ಬಂತು. ಡಾಕ್ಟರ್ ಲಾಹಿರಿ.

ಆ ಖಂಡದ ಮೇಲೆ ಹೊರಗಿನ ಒಂದು ಹುಲ್ಲಿನ ಬೀಜವೂ ಬೀಳಬಾರದೆಂದು ನಮ್ಮ ಬೂಟಿನ ತಳವನ್ನೆಲ್ಲ ಬ್ರಷ್ಷಿನಿಂದ ಉಜ್ಜಿಸಿದ್ದರು. ನಾನು ಎಸೆದದ್ದು ತಲೆಗಾತ್ರದ ಬೀಜ. ತೆಂಗಿನಕಾಯಿ ಬೀಜವೆಂದು ಪಾಠ ಮಾಡುವವಳು ನಾನೇ. ಆದರೆ ಈಡುಗಾಯಿಯೂ ಬೀಜವೇ ಎಂದು ನಮ್ಮೂರಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ?

“ಒಂದು ಚೂರೂ ಉಳಿಯಬಾರದು. ಚೆಲ್ಲಿದ ನೀರನ್ನೂ ಕೆರೆದು ತರಬೇಕು,” ಎಂದರು. ಕೋಪದಲ್ಲಿ ಕೆಳಗಿನ ಚೂರುಗಳತ್ತ ಬೆರಳು ತೋರಿದರು. “ಯಾರು ಎಸೆದರೋ ಅವರೇ ಇಳಿದು ಆರಿಸಲಿ.”

ಮುಖ ಸಪ್ಪಗೆ ಮಾಡಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಈರೇಶ್ ನಗು ತಡೆಯಲಾರದೆ ಬೂಟಿನ ದಾರ ಕಟ್ಟಲು ಬಗ್ಗಿದ. ಏನು ಹೇಳಿಬಿಟ್ಟೆನೆಂದು ಡಾಕ್ಟರಿಗೂ ಹೊಳೆದಿರಬೇಕು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ ಅವರು.

ಕಾಯಿ ಸುಲಿದ ತಪ್ಪಿಗೆ ಈರೇಶನನ್ನೂ ಸೇರಿಸಿ ನಮ್ಮಿಬ್ಬರನ್ನೂ ಕ್ರೇನಿನ ಬುಟ್ಟಿಯಲ್ಲಿ ಇಳಿಸಿದರು. ಈರೇಶ್ ಸಲಾಕೆಯಿಂದ ಐಸನ್ನು ಕುಟ್ಟಿ ನೋಡಿ ಸರಿ ಎಂದ ಮೇಲೆ ನಾನು ಒಂದು ಕಾಲಿಟ್ಟೆ, ಇನ್ನೊಂದು ಕಾಲಿಟ್ಟೆ. ಅಡಿಯಲ್ಲಿ ಕರಕರ ಎಂದಿತು. ನಿಂತೆ. ಜನ್ಮದಲ್ಲಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ, ಮಗಳು ಹುಟ್ಟಿದಾಗ ಬಿಟ್ಟರೆ.

ನಮ್ಮಲ್ಲಿ ಈಡುಗಾಯಿ ಹಾಕಿದರೆ ಮಕ್ಕಳು ಮೈಮೇಲೆ ಬಿದ್ದು ಚೂರು ಆಯ್ದುಕೊಳ್ಳುತ್ತಾರೆ. ಇಲ್ಲಿ ಅಂಥ ಪೈಪೋಟಿ ಇಲ್ಲವೆಂದುಕೊಳ್ಳುವಷ್ಟರಲ್ಲಿ ಪೆಂಗ್ವಿನ್‌ಗಳ ಹಿಂಡೊಂದು ಓಲಾಡುತ್ತಾ ಬಂತು. “ಮುಟ್ಟಬೇಡಿ, ಓಡಿಸಬೇಡಿ,” ಎಂದು ಮೇಲಿನಿಂದ ಮೈಕಿನಲ್ಲಿ ಅಪ್ಪಣೆಯಾಯಿತು. ಒಬ್ಬ ಮಹಾಶಯ ಬಂದು ಚೂರೊಂದರ ಮೇಲೆ ಕಾಲಿಟ್ಟು ನಿಂತ. ಎಂಟನೇ ಕ್ಲಾಸನ್ನು ತೆಪ್ಪಗಾಗಿಸುವ ನನ್ನ ನೋಟ ಬೀರಿದೆ. ಅವನು ನನ್ನನ್ನೇ ದಿಟ್ಟಿಸಿ, ಕೊಕ್ಕಿನಿಂದ ಕಂಕುಳು ಕೆರೆದುಕೊಂಡ. ಅವನಿಗೆ ಬೇಜಾರಾಗುವವರೆಗೂ ಐಸಿನ ಮೇಲೆ ಕಾಯುವುದೇ ನನ್ನ ಕೆಲಸವಾಯಿತು. ಅವನ ವಂಶ ತಣ್ಣಗಿರಲಿ ಎಂದು ಹರಸಿದೆ.

ಕೊನೆಗೂ ಅವನು ಸರಿದ. ಬಗ್ಗಿ ಚೂರನ್ನೆತ್ತಿಕೊಂಡೆ. ಅಷ್ಟರಲ್ಲಿ ಈರೇಶ್ ಮಿಕ್ಕಿದ್ದನ್ನೆಲ್ಲ ಬಕೆಟ್ಟಿನಲ್ಲಿ ಜೋಡಿಸಿ ನೋಡಿದ್ದ. ಕಾಯಿ ಗುಂಡಗೆ ಕೂತಿತ್ತು, ಒಂದು ಕಡೆ ಮಾತ್ರ ಕಿಂಡಿ. ನನ್ನ ಕೈಯಲ್ಲಿದ್ದುದಕ್ಕೆ ಸರಿಹೋಗುವಷ್ಟೇ ಕಿಂಡಿ.

“ಎಲ್ಲಾ ಸಿಕ್ಕಿತೇ?” ಎಂದು ಮೈಕು ಕೇಳಿತು.

ಈರೇಶ್ ಕಿಂಡಿ ನೋಡಿದ. ಮುಚ್ಚಿಕೊಂಡಿದ್ದ ನನ್ನ ಮುಷ್ಟಿ ನೋಡಿದ. ಆಮೇಲೆ ಮೇಲಕ್ಕೆ ತಲೆಯೆತ್ತಿ, ಇನ್ನೂ ಒಂದು ಚೂರು ಸಿಕ್ಕಿಲ್ಲ ಸಾರ್ ಎಂದು ಇಂಗ್ಲಿಷಿನಲ್ಲಿ ಕೂಗಿದ.

“ನಿಧಾನಕ್ಕೆ ಹುಡುಕಿ ಮೇಡಮ್ಮೋರೆ,” ಎಂದು ನನಗೆ ಹೇಳಿ, ಬಕೆಟ್ಟಿಗೆ ಮುಚ್ಚಳ ಹಾಕಿ ಅದರ ಮೇಲೆ ಕೂತ. “ಆ ಕಡೆ ದೂರಕ್ಕೆ ಸಿಡಿದಿರ್ಬೇಕು.”

ಚೂರನ್ನು ಗಟ್ಟಿಯಾಗಿ ಹಿಡಿದುಕೊಂಡು, ತಲೆ ತಗ್ಗಿಸಿ ಹುಡುಕುತ್ತಾ ಆ ಬಿಳಿ ನೆಲದ ಮೇಲೆ ನಡೆಯುತ್ತಾ ಹೋದೆ.